ಕೈಗಿಂತ ಮೊದಲು ಬಂದ ಸದ್ದು

ಇದನ್ನು ಓದುವವರಲ್ಲಿ ಅನೇಕರು ನಗುತ್ತಾರೆಂದು ನನಗೆ ಗೊತ್ತು. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ. ತುಮಕೂರಿನಲ್ಲಿ ನಮ್ಮಪ್ಪನದು ರೇಡಿಯೋ ರಿಪೇರಿ ಅಂಗಡಿ. ಅಟ್ಟದ ಮೇಲೆ ಯಾರೋ ಓಡಾಡಿದ ಹಾಗಾಯಿತು ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಅಪ್ಪ ಟಾರ್ಚ್ ಹಿಡಿದು ಹತ್ತಿ, ಇಲಿಯನ್ನೋ ಸಡಿಲವಾದ ಹೆಂಚನ್ನೋ ತೋರಿಸಿಯೇ ಕೆಳಗಿಳಿಯುತ್ತಿದ್ದರು. ಕೆಟ್ಟದ್ದಕ್ಕೆಲ್ಲ ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಎಂಬ ನಂಬಿಕೆಯಲ್ಲಿ ನಾನು ಬೆಳೆದೆ. ಆಮೇಲೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ವೈರ್‌ಲೆಸ್ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಬಂದ ಮೇಲೂ ಅದೇ ನಂಬಿಕೆಯಿಂದ ಸಂಬಳ ತೆಗೆದುಕೊಂಡೆ. ದೆವ್ವ ಭೂತ ಇದೆಯೇ ಎಂದು ಕೇಳಿದರೆ ಇವತ್ತಿಗೂ ಇಲ್ಲವೆಂದೇ ಹೇಳುತ್ತೇನೆ. ಹೇಳುವಾಗ ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರುವುದಿಲ್ಲ, ಅಷ್ಟೆ. ಅದಕ್ಕೆ ಕಾರಣ ಒಂದು ಹಳೆಯ ಗಿಟಾರ್ ಆಂಪ್ಲಿಫೈಯರ್.

ನನ್ನ ಗಂಡ ಮಧು ಬ್ಯಾಂಕಿನವರು. ಕೋವಿಡ್ ಕಳೆದ ಮೇಲೆ ಅವರಿಗೆ ಕೊಚ್ಚಿಗೆ ವರ್ಗವಾಯಿತು. ನಾನು ತಿರುವನಂತಪುರದಲ್ಲೇ ಉಳಿದೆ. ಅವರು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಒಂದು ಹಳೆಯ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದರು. ಸುತ್ತ ಒಣಶುಂಠಿ, ಮೆಣಸಿನ ಗೋದಾಮುಗಳು; ಮನೆಯ ಒಳಗೆ ಒಗೆದ ಬಟ್ಟೆಗೂ ಅದೇ ಘಾಟು. ಕೆಳಗಿನ ಮನೆಯಲ್ಲಿ ಮಾಲೀಕರಾದ ಫ್ರೆಡ್ಡಿ ಅಂಕಲ್, ಅವರ ಮಗಳು ಲೀನಾ. ಅಂಕಲ್‌ಗೆ ಎಪ್ಪತ್ತೈದು ದಾಟಿತ್ತು. ಸಣಕಲು ಮೈ, ಮನೆಯಲ್ಲಿದ್ದರೂ ಇಸ್ತ್ರಿ ಮಾಡಿದ ಅಂಗಿ. ಹರೆಯದಲ್ಲಿ ಬಂದರಿನ ಹತ್ತಿರದ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ಲೀನಾ ಶಾಲೆಯೊಂದರಲ್ಲಿ ಟೀಚರ್, ಮದುವೆಯಾಗಿರಲಿಲ್ಲ. ಶುಕ್ರವಾರ ಸಂಜೆಯ ರೈಲಿಗೆ ನಾನು ಬಂದರೆ, ಭಾನುವಾರದ ಊಟ ಹೆಚ್ಚಾಗಿ ಅವರ ಮನೆಯಲ್ಲೇ. ಅವರಿಬ್ಬರೂ ಮಲಯಾಳಕ್ಕೆ ಇಂಗ್ಲಿಷ್ ಬೆರೆಸಿ ಮಾತಾಡುತ್ತಾರೆ. ಅದನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ನನಗೆ ಗಾಜಿನ ವಾಲ್ವುಗಳಿರುವ ಹಳೆಯ ರೇಡಿಯೋಗಳನ್ನು ಸರಿಮಾಡುವ ಹುಚ್ಚಿದೆ ಎಂದು ಮಧು ಬಾಯಿಬಿಟ್ಟಿದ್ದೇ ತಡ, ಅಂಕಲ್ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಮಂಚದ ಕೆಳಗೆ ಗೋಣಿಚೀಲ ಹೊದಿಸಿದ ಪೆಟ್ಟಿಗೆಯೊಂದಿತ್ತು. ಮೇಲೆ ಮಾಸಿದ ಬಟ್ಟೆಯ ಹೊದಿಕೆ, ಮುಂದೆ ನೇಯ್ದ ಜಾಲರಿ, ಸಾಲಾಗಿ ಗುಂಡಿಗಳು. ಯಾವುದೋ ದೇಶದ ನಾವಿಕ ಹಡಗಿನಿಂದ ಇಳಿಸಿ ಮಾರಿಹೋದ, ಗಿಟಾರಿನ ಸ್ವರವನ್ನು ದೊಡ್ಡದು ಮಾಡುವ ಆಂಪ್ ಅದು. ಅಂಕಲ್ ಇಪ್ಪತ್ತು ವರ್ಷ ಅದರಲ್ಲೇ ನುಡಿಸಿದ್ದರು. ಒಂದು ದಿನ ಹೊಗೆ ಬಂದು ನಿಂತದ್ದು ಮತ್ತೆ ಎದ್ದಿರಲಿಲ್ಲ.

"ಇದಕ್ಕೆ ಜೀವ ಬರ್ತದಾ ಮೋಳೇ?" ಎಂದು ಕೇಳಿದರು. ಮೋಳೇ ಎಂದರೆ ಮಗಳೇ.

ನಾನು ಹಿಂದಿನ ಹಲಗೆ ಬಿಚ್ಚಿ ನೋಡಿದೆ. ಸಮುದ್ರದ ಗಾಳಿಗೆ ಕಬ್ಬಿಣವೆಲ್ಲ ತುಕ್ಕು ಹಿಡಿದಿತ್ತು. ಸ್ಪೀಕರಿನ ಕಾಗದ ಹರಿದು ಅದರೊಳಗೆ ಇಲಿ ಸಂಸಾರ ಮಾಡಿತ್ತು. ಆದರೆ ಮುಖ್ಯವಾದ ಟ್ರಾನ್ಸ್‌ಫಾರ್ಮರುಗಳು ಸುಟ್ಟಿರಲಿಲ್ಲ. ಬರುತ್ತದೆ ಅಂಕಲ್, ಸ್ವಲ್ಪ ಸಮಯ ಕೊಡಿ ಎಂದೆ. ಆಗ ಅವರು ಇನ್ನೆರಡು ಮಾತು ಸೇರಿಸಿದರು. ಮೊದಲಿನಷ್ಟು ಅಬ್ಬರ ಬೇಡ, ಮನೆಯೊಳಗೆ ಕೇಳುವಷ್ಟು ಸಾಕು. ಇನ್ನೊಂದು, ಆ ಆಂಪಿನಲ್ಲಿ ಟ್ರೆಮೊಲೊ ಎಂಬ ಒಂದು ಗುಂಡಿ ಇತ್ತು. ಅದನ್ನು ತಿರುಗಿಸಿದರೆ ನುಡಿಸಿದ ಸ್ವರ ತಾನಾಗಿಯೇ ಏರುತ್ತಾ ಇಳಿಯುತ್ತಾ ತೂಗುತ್ತದೆ. ಆ ತೂಗಾಟ ಬಹಳ ವೇಗ ಎಂಬುದು ಅವರ ಹಳೆಯ ದೂರು. "ಕಟ್ಟಿಹಾಕಿದ ದೋಣಿ ಹೇಗೆ ಆಡ್ತದೆ, ಹಾಗೆ ಮಾಡಿಕೊಡು," ಎಂದು ಅಂಗೈ ಆಡಿಸಿ ತೋರಿಸಿದರು.

ಪೆಟ್ಟಿಗೆಯನ್ನು ತಿರುವನಂತಪುರಕ್ಕೆ ತಂದೆ. ನನ್ನ ಮನೆಯ ಹಿಂದಿನ ವರಾಂಡದಲ್ಲಿ ಒಂದು ಮೇಜು, ಕಚೇರಿಯ ಹರಾಜಿನಲ್ಲಿ ಕೊಂಡ, ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಒಂದು ಹಳೆಯ ಆಸಿಲೋಸ್ಕೋಪ್, ಅಪ್ಪನ ಕಾಲದ ಬೆಸುಗೆ ಕಡ್ಡಿ ಇವೆ. ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಒಂದಿಷ್ಟು, ರಜೆಯ ದಿನ ಒಂದಿಷ್ಟು ಕೆಲಸ ಮಾಡಿದೆ. ಕರೆಂಟು ತೆಗೆದ ಮೇಲೂ ಆಳನ್ನು ಕೊಲ್ಲುವಷ್ಟು ವಿದ್ಯುತ್ತನ್ನು ಹಿಡಿದುಕೊಂಡಿರುವ ದೊಡ್ಡ ಕೆಪಾಸಿಟರುಗಳನ್ನು ಬದಲಿಸಿದೆ. ಎರಡು ಪಿನ್ನಿನ ವೈರು ಕಿತ್ತು ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕಿದೆ. ಸ್ಪೀಕರಿನ ಹರಿದ ಕಾಗದಕ್ಕೆ ತೆಳು ಕಾಗದ, ಗೋಂದು ಹಚ್ಚಿ ತೇಪೆ ಹಾಕಿದೆ. ಆ ಆಂಪ್ ನೂರಹತ್ತು ವೋಲ್ಟಿನದಾದ್ದರಿಂದ ಬೇರೆ ಟ್ರಾನ್ಸ್‌ಫಾರ್ಮರ್ ಕೊಟ್ಟೆ. ಅಬ್ಬರ ತಗ್ಗಿಸಲು ಇನ್ನೊಂದು ವಾಲ್ಯೂಮ್ ಗುಂಡಿ ಕೂರಿಸಿದೆ. ತೂಗಾಟವನ್ನು ನಿಧಾನ ಮಾಡಲು ಮೂರು ಚಿಕ್ಕ ಕೆಪಾಸಿಟರುಗಳನ್ನು ತೆಗೆದು ಸ್ವಲ್ಪ ದೊಡ್ಡವನ್ನು ಹಾಕಿದೆ. ಇದರಲ್ಲಿ ಯಾವುದೂ ಮಾಟಮಂತ್ರವಲ್ಲ. ಸ್ವಲ್ಪ ಅನುಭವ ಇರುವ ಯಾರಾದರೂ ಮಾಡಬಹುದಾದ ಕೆಲಸ.

ಒಂದು ಶನಿವಾರ ಬೆಳಿಗ್ಗೆ ಮೊದಲ ಸಲ ಪೂರ್ತಿ ಕರೆಂಟು ಕೊಟ್ಟೆ. ವಾಲ್ವುಗಳು ಕೆಂಪಾದವು. ಸ್ಪೀಕರಿನಿಂದ ಸಣ್ಣ ಗುಂಯ್ ಎಂಬ ಸದ್ದು ಬಂತು. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದು ಅಗ್ಗದ ಗಿಟಾರನ್ನು ಸಿಕ್ಕಿಸಿ ತಂತಿ ಮೀಟಿದೆ. ನನಗೆ ನುಡಿಸಲು ಬರುವುದಿಲ್ಲ, ಮೀಟಲು ಬರುತ್ತದೆ. ಸ್ವರ ತುಂಬಿಕೊಂಡು ಬಂತು, ಅಂಕಲ್ ಹೇಳಿದ ದೋಣಿಯ ಹಾಗೇ ತೂಗಿತು. ಖುಷಿಯಾಯಿತು. ಮತ್ತೆ ಮೀಟಿದೆ. ಏನೋ ಹೊಂದುತ್ತಿಲ್ಲ ಎನ್ನಿಸಿತು. ಸಿನಿಮಾದಲ್ಲಿ ಕೆಲವೊಮ್ಮೆ ತುಟಿಗೂ ಮಾತಿಗೂ ಒಂದು ಚೂರು ತಪ್ಪಿಹೋಗಿರುತ್ತದಲ್ಲ, ಹಾಗೆ. ತೂಗಾಟದಿಂದ ಕಿವಿಗೆ ಗೊಂದಲವಾಗುತ್ತಿದೆ ಎಂದುಕೊಂಡು ಟ್ರೆಮೊಲೊ ಆರಿಸಿದೆ. ಆಗಲೂ ಹಾಗೆಯೇ ಅನ್ನಿಸಿತು. ನನ್ನ ಬೆರಳೇ ತಡವಾಗಿ ತಂತಿಯನ್ನು ಮುಟ್ಟುತ್ತಿರುವಂತೆ.

ಆಮೇಲೆ ಇನ್ನೊಂದಾಯಿತು. ಹಳೆಯ ವಾಲ್ವುಗಳಿಗೆ ಒಂದು ಗುಣವಿದೆ. ಪೆಟ್ಟಿಗೆಯ ಮೇಲೆ ಏನಾದರೂ ತಾಗಿದರೆ ಆ ತಾಗಿದ ಸದ್ದನ್ನೂ ಅವು ಸ್ಪೀಕರಿನಲ್ಲಿ ದೊಡ್ಡದು ಮಾಡಿ ಕೇಳಿಸುತ್ತವೆ. ನಾನು ಏನನ್ನೋ ಬರೆದುಕೊಳ್ಳುತ್ತಾ ನಿಂತಿದ್ದಾಗ ಸ್ಪೀಕರ್ ಢಣ್ ಎಂದಿತು. ಏನು ಬಿತ್ತು ಎಂದು ತಿರುಗಿದೆ. ತಿರುಗುವಾಗ ನನ್ನ ಮೊಣಕೈ ತಾಗಿ ಮೇಜಿನ ಮೇಲಿನ ಗೂಡಿನಲ್ಲಿದ್ದ ಸ್ಕ್ರೂಡ್ರೈವರ್ ಉರುಳಿ ಪೆಟ್ಟಿಗೆಯ ಮೇಲೆ ಬಿತ್ತು. ಈ ಸಲ ಸ್ಪೀಕರ್ ಸದ್ದು ಮಾಡಲಿಲ್ಲ.

ನಾನು ಸ್ವಿಚ್ ಆರಿಸಿ, ಹಿತ್ತಲಿಗೆ ಹೋಗಿ ನುಗ್ಗೆಮರದ ಕೆಳಗೆ ನಿಂತೆ. ಒಳ್ಳೇ ಬಿಸಿಲಿತ್ತು, ಆದರೂ ತೋಳಿನ ಮೇಲೆ ರೋಮ ಎದ್ದಿತ್ತು.

ಸದ್ದಿನ ಕೆಲಸ ಮಾಡುವವರಿಗೆ ಇದು ಎಷ್ಟು ಅಸಂಬದ್ಧ ಎಂದು ಗೊತ್ತು. ಸದ್ದು ತಡವಾಗಿ ಬರಬಹುದು. ಗೋಡೆಗೆ ಬಡಿದು ಬರಬಹುದು, ಬೇಕೆಂದೇ ತಡೆದು ಕಳಿಸುವ ಯಂತ್ರಗಳೂ ಇವೆ. ಮೊದಲೇ ಬರುವುದಕ್ಕೆ ದಾರಿಯೇ ಇಲ್ಲ. ಸಂಜೆ ಧೈರ್ಯ ಮಾಡಿ ಆಸಿಲೋಸ್ಕೋಪ್ ಸಿಕ್ಕಿಸಿ ನೋಡಿದೆ. ಒಳಗೆ ಹೋಗುವ ಅಲೆ, ಹೊರಗೆ ಬರುವ ಅಲೆ, ಎರಡೂ ಪರದೆಯ ಮೇಲೆ ಒಂದರ ಕೆಳಗೊಂದು ನೆಟ್ಟಗೆ ನಿಂತವು. ಎಲ್ಲ ಸರಿಯಾಗಿತ್ತು. ಫೋನಿನಲ್ಲಿ ಮಧುಗೆ ಹೇಳಿದೆ. ಅವರು ನಕ್ಕರು.

"ನೀನು ಊಟ ತಿಂಡಿ ಬಿಟ್ಟು ಅದರ ಮುಂದೆ ಕೂತ್ರೆ ಇನ್ನೇನಾಗುತ್ತೆ? ಮೊದಲು ಒಂದೆರಡು ದಿನ ಸರಿಯಾಗಿ ಮಲಗು."

ಅದೇ ಸರಿ ಎಂದು ನನಗೂ ಅನ್ನಿಸಿತು. ಒಂದು ವಾರ ಅದನ್ನು ಮುಟ್ಟಲಿಲ್ಲ. ಮುಂದಿನ ವಾರ ವಾಲ್ವುಗಳನ್ನು ಕಿತ್ತು ಹತ್ತಿ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡು, ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿ ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಇಳಿದೆ. ಮಧು ಆಟೋ ತಂದಿದ್ದರು. ಮಟ್ಟಾಂಚೇರಿಯ ಮನೆಯ ಬಾಗಿಲಲ್ಲಿ ಅಂಕಲ್ ಹೊಸ ತಂತಿ ಹಾಕಿದ ಗಿಟಾರ್ ಹಿಡಿದುಕೊಂಡೇ ಕಾಯುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟವಾಯಿತು. ನಮಗೆಂದು ಲೀನಾ ಅಪ್ಪಂ, ತರಕಾರಿ ಸ್ಟ್ಯೂ ಮಾಡಿದ್ದಳು. ಅವಳು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಧು ಕಿಟಕಿಯ ಹತ್ತಿರ ಫೋನ್ ನೋಡುತ್ತಾ ಕೂತರು. ಅಂಕಲ್ ಬೆತ್ತದ ಕುರ್ಚಿಯಲ್ಲಿ, ತೊಡೆಯ ಮೇಲೆ ಗಿಟಾರ್. ಅವರ ಕಾಲ ಬುಡದ ಕೆಂಪು ಗಾರೆ ನೆಲದಲ್ಲಿ ನಾನು ಆಂಪಿನ ಪಕ್ಕ ಕೂತು ಗುಂಡಿಗಳನ್ನು ಹೊಂದಿಸಿದೆ. ಕೆಂಪು ದೀಪ ಹತ್ತಿತು. ವಾಲ್ವುಗಳು ಬಿಸಿಯಾಗಲಿ ಅಂಕಲ್, ಒಂದು ನಿಮಿಷ ಎಂದೆ. ಅವರು ಕೈಗಳನ್ನು ತಂತಿಯಿಂದ ಮೇಲೆತ್ತಿ ಕಾದರು.

ಅವರ ಕೈ ಹಾಗೆ ಮೇಲೆ ಇರುವಾಗಲೇ ಸ್ಪೀಕರಿನಿಂದ ನಾಲ್ಕಾರು ತಂತಿಗಳ ತುಂಬುಸ್ವರ ಬಂತು. ಮರುಗಳಿಗೆ ಕೈ ಇಳಿದು ಆ ತಂತಿಗಳನ್ನೇ ಮೀಟಿತು.

ಅಂಕಲ್‌ಗೆ ಆಶ್ಚರ್ಯವಾಗಲಿಲ್ಲ. ಹಳೆಯ ಸ್ನೇಹಿತನನ್ನು ಕಂಡವರ ಹಾಗೆ ನಕ್ಕರು. "ಕಂಡೆಯಾ ಮೋಳೇ, ಇದಕ್ಕೆ ನನ್ನ ನೆನಪಿದೆ," ಎಂದು ಕಣ್ಣು ಮುಚ್ಚಿ ನುಡಿಸಲು ಶುರುಮಾಡಿದರು.

ಯಾವುದೋ ನಿಧಾನವಾದ ಹಳೆಯ ನೃತ್ಯದ ಮಟ್ಟು. ಬಹಳ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಆದರೆ ನನಗೆ ಕೇಳುವ ಸ್ಥಿತಿ ಇರಲಿಲ್ಲ. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಸ್ವರ ಮುಂದೆ, ಬೆರಳು ಹಿಂದೆ. ಮೊದಲು ಕಣ್ಣು ಮಿಟುಕಿಸುವಷ್ಟು ವ್ಯತ್ಯಾಸ. ಮಟ್ಟು ಮುಂದುವರಿದಂತೆ ಅದು ಬೆಳೆಯಿತು. ಒಂದು ಸಾಲು ಪೂರ್ತಿ ಸ್ಪೀಕರಿನಲ್ಲಿ ಮುಗಿದ ಮೇಲೆ ಅವರ ಕೈ ಆ ಸಾಲನ್ನು ಶುರುಮಾಡುತ್ತಿತ್ತು. ಅವರು ನುಡಿಸಿದ್ದನ್ನು ಆಂಪ್ ಕೇಳಿಸುತ್ತಿಲ್ಲ, ಆಂಪ್ ಕೇಳಿಸಿದ್ದನ್ನು ಅವರು ನುಡಿಸುತ್ತಿದ್ದಾರೆ ಎನ್ನಿಸಿತು. ಮಧು ಕೂಡ ಫೋನ್ ಕೆಳಗಿಟ್ಟು ನೋಡುತ್ತಿದ್ದರು.

ಆರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಕೈ ಸ್ವಿಚ್ಚಿನ ಮೇಲೇ ಇತ್ತು. ಸದ್ದು ಮುಂದೆ ಮುಂದೆ ಹೋಗಿ ಆ ಮುದಿ ಕೈಯನ್ನು ಎಳೆದುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಮಧ್ಯದಲ್ಲಿ ಕಡಿದರೆ ಆ ಕೈಗೆ ಏನಾದೀತು ಎಂಬ ಹೆದರಿಕೆ ಹುಟ್ಟಿತು. ವಿವೇಕವಿಲ್ಲದ ಹೆದರಿಕೆ, ಆದರೆ ಆಗ ಅದನ್ನು ಮೀರಲು ಆಗಲಿಲ್ಲ.

ಎರಡನೆಯ ಮಟ್ಟಿನ ನಡುವೆ ಅದು ಆಯಿತು. ಸ್ವರವೊಂದು ಮೇಲಕ್ಕೆ ಏರುತ್ತಿತ್ತು; ಅರ್ಧದಲ್ಲಿ ಹಿಡಿತ ತಪ್ಪಿದಂತೆ ಜಾರಿತು. ಉಗುರು ತಂತಿಯ ಉದ್ದಕ್ಕೂ ಎಳೆದ ಕರಕರ ಸದ್ದು. ಹಿಂದೆಯೇ ಎಲ್ಲ ತಂತಿಗಳೂ ಒಟ್ಟಿಗೆ ಅರಚಿ, ಮರ ಗಾರೆಯ ನೆಲಕ್ಕೆ ಅಪ್ಪಳಿಸಿದ ಸದ್ದು ಸ್ಪೀಕರಿನಿಂದ ಬಂತು. ಅದರ ಮೇಲೆ ಇನ್ನೊಂದು ಸದ್ದು, ಭಾರವಾದದ್ದು, ಮೆತ್ತಗಿನದು. ಆಮೇಲೆ ಏನೂ ಇಲ್ಲ.

ಗಿಟಾರ್ ಅವರ ತೊಡೆಯ ಮೇಲೆಯೇ ಇತ್ತು. ಅವರು ನುಡಿಸುತ್ತಲೇ ಇದ್ದರು.

ನಾನು ವಾಲ್ಯೂಮ್ ತಿರುಗಿಸಿದೆ. ಸ್ಪೀಕರ್ ಗುಂಯ್ ಎಂದಿತೇ ಹೊರತು ಗಿಟಾರಿನ ಸ್ವರ ಇಲ್ಲ. ಆಂಪ್ ಕೆಟ್ಟಿರಲಿಲ್ಲ, ಅದಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಬರಿ ತಂತಿಗೆ ಸದ್ದು ಬಹಳ ಕಡಿಮೆ. ಆ ಕೋಣೆಯಲ್ಲಿ ಆಗ ಕೇಳುತ್ತಿದ್ದದ್ದು ಅದೊಂದೇ, ಟಿಕ್ ಟಿಕ್ ಎಂದು, ಒಣಗಿದ ಕಾಳು ಉದುರಿದಂತೆ. ಅಂಕಲ್ ಕಣ್ಣು ಮುಚ್ಚಿ, ನಾವು ಆಗಲೇ ಕೇಳಿ ಮುಗಿಸಿದ್ದ ಸಾಲನ್ನು ನುಡಿಸುತ್ತಿದ್ದರು. ಅದರ ಕೊನೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಅಡುಗೆಮನೆಯಿಂದ ಲೀನಾ ಓಡಿ ಬಂದಳು. ಕೈಯಲ್ಲಿ ಸೋಪಿನ ನೊರೆ. "ಏನು ಬಿತ್ತು? ಡ್ಯಾಡಿ ಬಿದ್ರಾ?" ಎಂದವಳು, ಕುರ್ಚಿಯಲ್ಲಿ ನೆಟ್ಟಗೆ ಕೂತು ನುಡಿಸುತ್ತಿದ್ದ ತಂದೆಯನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. "ಚೇಚ್ಚೀ..." ಎಂದು ನನ್ನ ಕಡೆ ನೋಡಿದಳು. ಅಕ್ಕಾ ಎಂದು ಅವಳು ನನ್ನನ್ನು ಹಾಗೆ ಎಷ್ಟೋ ಸಲ ಕರೆದಿದ್ದಾಳೆ. ಆ ಸಲದ್ದು ಬೇರೆ.

ಸ್ವರ ಮೇಲಕ್ಕೆ ಏರುವ ಜಾಗಕ್ಕೆ ಅವರ ಬೆರಳುಗಳು ಬರುತ್ತಿದ್ದವು. ನಾನು ಎದ್ದೆ. ಒಂದು ಕೈಯಿಂದ ಗಿಟಾರಿನ ಕತ್ತನ್ನು ಹಿಡಿದೆ, ಇನ್ನೊಂದು ತೋಳನ್ನು ಅವರ ಬೆನ್ನ ಹಿಂದೆ ಹಾಕಿದೆ. ಅಂಕಲ್ ಬೆಚ್ಚಿ ಕಣ್ಣು ತೆರೆದರು. ಅವರ ಮುಖದಲ್ಲಿ ಸಿಟ್ಟು ಬಂತು. ನುಡಿಸುವವರನ್ನು ನಡುವೆ ತಡೆದರೆ ಬಾರದೇ ಇರುತ್ತದೆಯೇ?

"ಎಂದಾ ಮೋಳೇ?" ಎಂದರು. ಏನಾಯ್ತು ಮಗಳೇ ಎಂದು.

ಮೋಳೇ ಎನ್ನುವ ಮಾತಿನ ಕೊನೆ ಜಾರಿಹೋಯಿತು. ಬಾಯಿಯ ಎಡ ತುದಿ ಕೆಳಗೆ ಸರಿಯಿತು. ತಂತಿಯ ಮೇಲಿದ್ದ ಎಡಗೈ ಸಡಿಲವಾಗಿ, ಉಗುರುಗಳನ್ನು ಉದ್ದಕ್ಕೂ ಎಳೆದುಕೊಂಡು ಕೆಳಗೆ ಬಿತ್ತು. ಅವರ ಭಾರವೆಲ್ಲ ನನ್ನ ತೋಳಿನ ಮೇಲೆ ಬಂತು. ಮಧು ಓಡಿ ಬಂದು ಹಿಡಿದರು. ಅಂಕಲ್ ನೆಲಕ್ಕೆ ಬೀಳಲಿಲ್ಲ. ಗಿಟಾರ್ ಕೂಡ ಬೀಳಲಿಲ್ಲ. ನನ್ನ ಎಡಗೈಯಲ್ಲಿ ಭದ್ರವಾಗಿತ್ತು. ಅದನ್ನು ಸೋಫಾದ ಮೇಲೆ ಮಲಗಿಸಿ ಆಂಪಿನ ವೈರನ್ನು ಗೋಡೆಯಿಂದ ಕಿತ್ತದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬೇಗ ತಂದದ್ದು ಒಳ್ಳೆಯದಾಯಿತು, ಬಿದ್ದು ತಲೆಗೆ ಪೆಟ್ಟಾಗದ್ದು ಇನ್ನೂ ಒಳ್ಳೆಯದಾಯಿತು ಎಂದರು ಡಾಕ್ಟರ್. ಲೀನಾ ನನ್ನ ಕೈ ಹಿಡಿದುಕೊಂಡು ಅತ್ತಳು. ನೀವು ಹಿಡಿಯದಿದ್ದರೆ ಡ್ಯಾಡಿ ಇರುತ್ತಿರಲಿಲ್ಲ ಎಂದಳು. ನಾನು ಹಾಗೆ ನುಗ್ಗಿ ಬೆಚ್ಚಿಬೀಳಿಸಿದ್ದರಿಂದಲೇ ಹಾಗಾಯಿತೇ ಎಂಬ ಇನ್ನೊಂದು ಯೋಚನೆ ಆಗಲೇ ತಲೆಯಲ್ಲಿ ಶುರುವಾಗಿತ್ತು. ಅದನ್ನು ಡಾಕ್ಟರ ಹತ್ತಿರ ಕೇಳಿದೆ. ಹಾಗೆಲ್ಲ ಆಗುವುದಿಲ್ಲಮ್ಮ ಎಂದರು. ಅವರಿಗೆ ನಾನು ಪೂರ್ತಿ ಕತೆ ಹೇಳಿರಲಿಲ್ಲ.

ರಾತ್ರಿ ಮಹಡಿಯಲ್ಲಿ ನಾವಿಬ್ಬರೇ ಇದ್ದಾಗ ಮಧುವನ್ನು ಕೇಳಿದೆ. "ರೀ, ಬಿದ್ದ ಸದ್ದು ನಿಮಗೂ ಕೇಳಿಸ್ತಾ?"

"ಕೇಳಿಸ್ತು. ಗಿಟಾರ್ ಬಿತ್ತು, ಹಿಂದೇನೆ ಅವರೂ ಬಿದ್ರು ಅಂತ ಅಂದ್ಕೊಂಡು ನಾನು ಏಳೋಕೆ ಹೋದೆ. ನೋಡಿದ್ರೆ..." ಎಂದು ಅಲ್ಲಿಗೆ ನಿಲ್ಲಿಸಿದರು. ದೀಪ ಆರಿಸಿ, "ಈ ವಿಷಯ ಮತ್ತೆ ಎತ್ತಬೇಡ ಕಣೇ," ಎಂದರು. ಮೊದಲು ಫೋನಿನಲ್ಲಿ ನಕ್ಕವರು ಆಮೇಲೆ ಒಮ್ಮೆಯೂ ಈ ಬಗ್ಗೆ ನಗಲಿಲ್ಲ.

ಆಂಪನ್ನು ನಾನು ತಿರುವನಂತಪುರಕ್ಕೆ ವಾಪಸು ತಂದೆ. ಲೀನಾಳೇ ತೆಗೆದುಕೊಂಡು ಹೋಗಿ ಎಂದಳು. ಒಂದೊಂದು ಭಾಗವನ್ನೂ ಅಳೆದು ನೋಡಿದ್ದೇನೆ. ನನ್ನ ಕಚೇರಿಯ ಒಳ್ಳೆಯ ಮೀಟರುಗಳಲ್ಲೂ ಅಳೆದಿದ್ದೇನೆ. ನಾನು ಹಾಕಿದ ಆ ಮೂರು ಕೆಪಾಸಿಟರುಗಳನ್ನು ತೆಗೆದು ಹಳೆಯವನ್ನೇ ಕೂರಿಸಿದೆ. ಎಲ್ಲವೂ ಇರಬೇಕಾದಂತೆಯೇ ಇವೆ. ಅದಾದ ಮೇಲೆ ಒಂದು ಬೆಳಿಗ್ಗೆ ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಿತು. ಮನೆಯಲ್ಲಿ ನಾನೊಬ್ಬಳೇ. ಈಗ ಇದರಿಂದ ಏನಾದರೂ ಕೇಳಿಸಿದರೆ ಅದು ನನ್ನದೇ ಆಗಿರುತ್ತದಲ್ಲ ಎಂದು ಹೊಳೆದು, ವಾಲ್ವುಗಳು ಬಿಸಿಯಾಗುವ ಮೊದಲೇ ಆರಿಸಿಬಿಟ್ಟೆ. ಅವತ್ತು ಮಧ್ಯಾಹ್ನದವರೆಗೆ ಮನೆಯೊಳಗೆ ಕೂರಲು ಆಗಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಇಷ್ಟು. ಮುಂದೆ ಆಗಲಿರುವುದು ಆ ಪೆಟ್ಟಿಗೆಗೆ ಮೊದಲೇ ಕೇಳಿಸಿತು ಎಂದೇ ಒಪ್ಪಿಕೊಳ್ಳೋಣ. ಆದರೆ ಅದು ಆಗಲೇ ಇಲ್ಲವಲ್ಲ. ಗಿಟಾರ್ ನೆಲಕ್ಕೆ ತಾಗಲಿಲ್ಲ. ಹಾಗಾದರೆ ನಾವು ಮೂವರು ಕೇಳಿದ ಸದ್ದು ಯಾವುದರದು?

ಅಂಕಲ್ ಬದುಕಿದರು. ಮಾತು ನಿಧಾನವಾಗಿ ಮರಳಿತು, ಎಡಗೈ ಮರಳಲಿಲ್ಲ. ಅವರು ಚೇತರಿಸಿಕೊಳ್ಳುತ್ತಿದ್ದಾಗ ಒಮ್ಮೆ ಅವರ ಹಾಸಿಗೆಯ ಪಕ್ಕ ಕೂತಿದ್ದೆ. ಲೀನಾ ಔಷಧಿಗೆ ಹೋಗಿದ್ದಳು. ಅಂಕಲ್ ತಾವಾಗಿಯೇ ಅವತ್ತಿನ ಮಾತು ತೆಗೆದರು. ನೆಲ ಬಹಳ ತಣ್ಣಗಿತ್ತು ಮೋಳೇ ಎಂದರು. ಕೆನ್ನೆಯನ್ನು ಮುಟ್ಟಿ ತೋರಿಸಿ, ಇಲ್ಲಿ ತಾಗಿತು, ಗಿಟಾರ್ ನನ್ನ ಮುಖದ ಹತ್ತಿರವೇ ಬಿದ್ದಿತ್ತು, ಕುರ್ಚಿಯ ಕೆಳಗಿನ ಧೂಳು ಕೂಡ ಕಾಣುತ್ತಿತ್ತು ಎಂದರು. ನೀವು ಬೀಳಲಿಲ್ಲ ಅಂಕಲ್, ನಾನು ಹಿಡಿದೆ ಎಂದೆ. ಅವರು ನನ್ನನ್ನು ಸಮಾಧಾನ ಮಾಡುವವರಂತೆ ನನ್ನ ಕೈ ತಟ್ಟಿದರು.

"ನೀನು ಹಿಡಿದದ್ದು ಆಮೇಲೆ," ಎಂದರು.

ಕಾಯಿಲೆಯಾದವರ ನೆನಪು ಹಾಗೆಯೇ ಇರುತ್ತದೆ ಎಂದು ಓದಿದ್ದೇನೆ. ಇರಬಹುದು. ಮಧುವಿಗೆ ಮತ್ತೆ ವರ್ಗವಾಯಿತು. ಮಟ್ಟಾಂಚೇರಿಗೆ ಹೋಗುವುದು ಕಡಿಮೆಯಾಯಿತು. ಆದರೆ ಫೋನ್ ನಿಂತಿಲ್ಲ.

ಕಳೆದ ತಿಂಗಳು ಅಂಕಲ್ ಅವರೇ ಫೋನ್ ಮಾಡಿದ್ದರು. ಎಡಗೈಯ ಎರಡು ಬೆರಳು ಸ್ವಲ್ಪ ಸ್ವಲ್ಪ ಆಡುತ್ತಿವೆಯಂತೆ. ಲೀನಾ ಶಾಲೆಗೆ ಹೋದ ಮೇಲೆ ಗಿಟಾರನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾರಂತೆ. ಧ್ವನಿಯಲ್ಲಿ ಎಳೆಯರ ಹುರುಪಿತ್ತು. ನಾನು ಏನಾದರೂ ಹೇಳಬೇಕಲ್ಲ ಎಂದು, ಆಂಪ್ ಇನ್ನೂ ಸರಿಯಾಗಿಲ್ಲ ಅಂಕಲ್, ವಾಲ್ವ್ ಸಿಕ್ಕುತ್ತಿಲ್ಲ ಎಂದು ಸುಳ್ಳು ಹೇಳಿದೆ.

"ಅದು ಬೇಡ ಮೋಳೇ," ಎಂದರು ಅಂಕಲ್. "ಗಿಟಾರ್ ಹಿಡಿದು ಕೂತರೆ ಸಾಕು, ಮುಂದಿನದೆಲ್ಲ ತಾನಾಗಿಯೇ ಕೇಳಿಸ್ತದೆ."

ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.